ಜೋಡಣೆಯ ಮಾನಕಗಳು: ಗಣಕಯಂತ್ರದ ಸಂಪರ್ಕ ವ್ಯವಸ್ಥೆಯ ಚರಿತ್ರೆಯಿಂದ ಒಂದು ಅಧ್ಯಾಯ

೧

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಮಂಡಕಳ್ಳಿ ಸಿಕ್ಕುತ್ತದೆ. ಆ ಹೆಸರನ್ನು ಕೇಳಿದೊಡನೆ ಈಗ ಜನರ ನೆನಪಿಗೆ ಬರುವುದು ಅಲ್ಲಿಯ ವಿಮಾನ ನಿಲ್ದಾಣ. ೨೦೧೦ರಲ್ಲಿ ಅದು ಹೊಸ ರೂಪದಲ್ಲಿ ಸಾರ್ವಜನಿಕ ಸೇವೆಗೆ ತೆರೆದಾಗ ಅದರ ಓಡುದಾರಿಯ ಉದ್ದ ಸುಮಾರು ೧,೭೪೦ ಮೀಟರ್ ಇತ್ತು. ಈ ಉದ್ದ ಎಟಿಆರ್-೭೨ ವರ್ಗದ ವಿಮಾನಗಳಿಗೆ ಸಾಕು. ದೊಡ್ಡ ಜೆಟ್ ವಿಮಾನಗಳಿಗೆ ಸಾಲದು. ಅದನ್ನು ಬೆಳೆಸಬೇಕೆಂದು ಯೋಚಿಸಿದವರಿಗೆ ಹೆದ್ದಾರಿ ಅಡ್ಡಿಯಾಗಿ ಪರಿಣಮಿಸಿತು. ಅದೇ ಸೀಮೆಯನ್ನು ಹಾದು ಹೋಗುವ ರೈಲುಮಾರ್ಗಕ್ಕೂ ಇಂಥದೇ ಒಂದು ಚರಿತ್ರೆಯುಂಟು. ೧೮೯೧ರಲ್ಲಿ ನಂಜನಗೂಡಿಗೆ ರೈಲು ಬಂದಾಗ ಎರಡು ಕಂಬಿಗಳ ನಡುವಣ ಅಂತರ ಒಂದು ಮೀಟರ್. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅದನ್ನು ಕಿತ್ತು ಐದಡಿ ಆರಂಗುಲದ ಅಗಲಕ್ಕೆ ಬದಲಾಯಿಸಬೇಕಾಯಿತು.

ಎರಡು ವ್ಯವಸ್ಥೆಗಳು ಸಂಧಿಸುವ ಸ್ಥಳದಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಹೊಂದಬೇಕೆಂಬುದು ಈ ಎರಡು ನಿದರ್ಶನಗಳಿಂದಲೂ ವ್ಯಕ್ತವಾಗುತ್ತದೆ. ಹೀಗೆ ಹೊಂದುವಂತೆ ಹಲವರು ಕೂಡಿ ಗೊತ್ತುಮಾಡಿಕೊಂಡ ಅಳತೆಗೆ ಮಾನಕವೆಂದು ಹೆಸರು. ಗಣಕಯಂತ್ರ, ಕ್ಯಾಮೆರಾ, ಟೆಲಿವಿಷನ್, ಮೊಬೈಲು ಮೊದಲಾದ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ತಂತಿಗಳಿಗೂ ಅವುಗಳನ್ನು ಸೇರಿಸುವ ಪೋರ್ಟುಗಳಿಗೂ ಇಂಥ ಮಾನಕಗಳಿವೆ. ಕಳೆದ ನಾಲ್ಕು ದಶಕಗಳಲ್ಲಿ ಇವುಗಳಲ್ಲಿ ಕೆಲವು ಜಗತ್ತನ್ನೆಲ್ಲ ವ್ಯಾಪಿಸಿದವು. ಕೆಲವು, ಗುಣದಲ್ಲಿ ಕಡಿಮೆಯಿಲ್ಲದಿದ್ದರೂ, ಮಾರುಕಟ್ಟೆಯಿಂದ ಮರೆಯಾದವು.

ವೇಗವಾದದ್ದು ಗೆದ್ದಿತು, ನಿಧಾನವಾದದ್ದು ಸೋತಿತು ಎಂದು ಸಾಮಾನ್ಯವಾಗಿ ಭಾವಿಸುವುದುಂಟು. ಚರಿತ್ರೆಯನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಜೋಡಣೆಯ ವೆಚ್ಚವನ್ನು ಯಾರು ಹೊರುತ್ತಾರೆ, ಅದನ್ನು ಬಳಸಲು ಯಾರ ಅಪ್ಪಣೆ ಬೇಕು, ಜನರ ಕೈಯಲ್ಲಿ ಅದಾಗಲೇ ಏನಿದೆ ಎಂಬ ಮೂರು ಪ್ರಶ್ನೆಗಳೇ ವೇಗಕ್ಕಿಂತ ಹೆಚ್ಚಾಗಿ ಜಯಾಪಜಯಗಳನ್ನು ನಿರ್ಣಯಿಸಿವೆ. ಒಂದು ಮಾನಕ ಸೋತಾಗ ಅದರ ನಷ್ಟವನ್ನು ತಯಾರಕರಿಗಿಂತ ಹೆಚ್ಚು ಕಾಲ ಅನುಭವಿಸುವವರು ಅದನ್ನು ನಂಬಿ ತಮ್ಮ ದಾಖಲೆಗಳನ್ನು ಒಪ್ಪಿಸಿದವರು. ಈ ಎರಡು ಅಂಶಗಳನ್ನು ಪ್ರತಿಪಾದಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ರೈಲಿನ ದೃಷ್ಟಾಂತವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ೧೮೬೪ರಲ್ಲಿ ಮದರಾಸು ರೈಲ್ವೆಯ ಶಾಖಾಮಾರ್ಗವು ಜೋಲಾರಪೇಟೆಯಿಂದ ಬೆಂಗಳೂರು ದಂಡುಪ್ರದೇಶವನ್ನು ಮುಟ್ಟಿತು. ಅದು ಐದಡಿ ಆರಂಗುಲದ ಬ್ರಾಡ್ ಗೇಜ್ ಮಾರ್ಗ. ೧೮೭೦ರ ಸುಮಾರಿಗೆ ಮೇಯೋ ಪ್ರಭುವಿನ ಆಡಳಿತವು ಮಿತವ್ಯಯವನ್ನು ಮುಂದಿಟ್ಟುಕೊಂಡು ಹೊಸ ಮಾರ್ಗಗಳಿಗೆ ಮೀಟರ್ ಗೇಜನ್ನು ಅಂಗೀಕರಿಸಿತು. ಮುಂದೆ ಮೈಸೂರು ಸಂಸ್ಥಾನವು ಬೆಂಗಳೂರಿನಿಂದ ಮೈಸೂರಿಗೆ ಮಾರ್ಗ ಹಾಕಿಸಿದಾಗ, ಮಹಾಕ್ಷಾಮದಿಂದ ಬರಿದಾಗಿದ್ದ ಬೊಕ್ಕಸಕ್ಕೆ ಕಡಿಮೆ ಖರ್ಚಿನ ಮೀಟರ್ ಗೇಜೇ ಅನುಕೂಲವಾಗಿ ಕಂಡಿತು. ದಿವಾನ್ ರಂಗಾಚಾರ್ಲು ಅವರ ಆಡಳಿತ ಕಾಲದಲ್ಲಿ, ೧೮೮೨ರಲ್ಲಿ, ಆ ಮಾರ್ಗವು ಮೈಸೂರನ್ನು ತಲುಪಿತು.

ಆ ಕಾಲಕ್ಕೆ ಈ ನಿರ್ಣಯ ಅವಿವೇಕದ್ದೆಂದು ಹೇಳುವಂತಿಲ್ಲ. ಆದರೆ ಅದರ ಫಲವಾಗಿ ಬೆಂಗಳೂರು ಎರಡು ಅಗಲಗಳ ಸಂಧಿಸ್ಥಾನವಾಯಿತು. ಮದರಾಸಿನ ಕಡೆಯಿಂದ ಬಂದ ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸದೆ ಮೈಸೂರಿಗೆ ಸಾಗಿಸುವಂತಿರಲಿಲ್ಲ. ಮಾರ್ಗವನ್ನು ಹಾಕುವಾಗ ಉಳಿಸಿದ ಹಣವನ್ನು ವರ್ತಕನೂ ಪ್ರಯಾಣಿಕನೂ ಕೂಲಿಯ ರೂಪದಲ್ಲಿಯೂ ವಿಳಂಬದ ರೂಪದಲ್ಲಿಯೂ ತಲೆಮಾರುಗಳ ಕಾಲ ತೆರುತ್ತ ಬಂದರು. ೧೯೯೨ರಲ್ಲಿ ಭಾರತೀಯ ರೈಲ್ವೆ ದೇಶಕ್ಕೆಲ್ಲ ಏಕ ಗೇಜ್ ಎಂಬ ಯೋಜನೆಯನ್ನು ಕೈಗೊಂಡಿತು. ಆ ದಶಕದಲ್ಲಿ ಮೈಸೂರು, ಆಮೇಲೆ ಚಾಮರಾಜನಗರದ ಮಾರ್ಗ, ಹೀಗೆ ಒಂದೊಂದಾಗಿ ಅಗಲವಾದವು. ನಿರ್ಣಯ ಮಾಡಿದವರು ಒಬ್ಬರು, ವೆಚ್ಚ ಹೊತ್ತವರು ಇನ್ನೊಬ್ಬರು ಎಂಬುದನ್ನು ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕು. ಈ ದೃಷ್ಟಾಂತವನ್ನು ಮನಸ್ಸಿನಲ್ಲಿಟ್ಟುಕೊಂಡು ಗಣಕಯಂತ್ರದ ಕಡೆಗೆ ತಿರುಗೋಣ.

೩

ಗಣಕಯಂತ್ರವು ಮನೆಗೂ ಕಚೇರಿಗೂ ಬಂದ ಕಾಲದಲ್ಲಿ ಅದರ ಹಿಂಬದಿಯು ಬೆಂಗಳೂರಿನ ಹಳೆಯ ರೈಲು ನಿಲ್ದಾಣದಂತೆಯೇ ಹಲವು ಅಳತೆಗಳ ಸಂಧಿಸ್ಥಾನವಾಗಿತ್ತು. ಮೋಡೆಮ್ಮಿಗೆ ಆರ್‌ಎಸ್-೨೩೨ ಎಂಬ ಸರಣಿ ಪೋರ್ಟು. ಅದರ ಮಾನಕ ಹುಟ್ಟಿದ್ದು ೧೯೬೦ರಲ್ಲಿ. ಮುದ್ರಣಯಂತ್ರಕ್ಕೆ ಸೆಂಟ್ರಾನಿಕ್ಸ್ ಸಂಸ್ಥೆ ೧೯೭೦ರಲ್ಲಿ ಬಳಕೆಗೆ ತಂದ ಸಮಾಂತರ ಪೋರ್ಟು. ಕೀಲಿಮಣೆಗೆ ಒಂದು, ಮೌಸಿಗೆ ಒಂದು, ಆಟದ ಕೋಲಿಗೆ ಮತ್ತೊಂದು. ವೇಗದ ಡಿಸ್ಕುಗಳಿಗೆ ೧೯೮೬ರಲ್ಲಿ ಮಾನಕವಾದ ಸ್ಕಸಿ. ಒಂದರ ಪ್ಲಗ್ಗು ಇನ್ನೊಂದಕ್ಕೆ ಸೇರದು. ಹೊಸ ಉಪಕರಣ ತಂದವನು ಯಂತ್ರವನ್ನು ಬಿಚ್ಚಿ, ಒಳಗೆ ಕಾರ್ಡು ಸೇರಿಸಿ, ಯಾವ ಉಪಕರಣಕ್ಕೆ ಯಾವ ಸಂಖ್ಯೆಯ ಅಡ್ಡಕರೆ ಎಂಬುದನ್ನು ತಾನೇ ಗೊತ್ತುಮಾಡಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ ಕಾದು ನೋಡಬೇಕಾಗಿತ್ತು. ಬಲ್ಲವರ ನೆರವಿಲ್ಲದೆ ಈ ಕೆಲಸ ಸಾಗುತ್ತಿರಲಿಲ್ಲ.

ಈ ತೊಡಕನ್ನು ನಿವಾರಿಸುವ ಎರಡು ಪ್ರಯತ್ನಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆದವು. ಮೊದಲನೆಯದು ಫೈರ್‌ವೈರ್. ಆಪಲ್ ಸಂಸ್ಥೆ ೧೯೮೬ರಲ್ಲಿ ಇದರ ಕೆಲಸವನ್ನು ಆರಂಭಿಸಿತು. ಸೋನಿ ಮೊದಲಾದ ಸಂಸ್ಥೆಗಳೂ ಕೈಜೋಡಿಸಿದವು. ೧೯೯೫ರಲ್ಲಿ ಅದು ಐಇಇಇ ೧೩೯೪ ಎಂಬ ಸಂಖ್ಯೆಯಲ್ಲಿ ಮಾನಕವಾಯಿತು. ಎರಡನೆಯದು ಯುಎಸ್‌ಬಿ. ಕಾಂಪ್ಯಾಕ್, ಡಿಇಸಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಎನ್‌ಇಸಿ, ನಾರ್ಟೆಲ್ ಎಂಬ ಏಳು ಸಂಸ್ಥೆಗಳು ೧೯೯೪ರಲ್ಲಿ ಇದಕ್ಕಾಗಿ ಒಂದುಗೂಡಿದವು. ಇಂಟೆಲ್‌ನಲ್ಲಿ ಈ ಕಾರ್ಯದ ಮುಂದಾಳುಗಳಲ್ಲಿ ಒಬ್ಬರಾದ ಅಜಯ್ ಭಟ್ಟರು ಬರೋಡದಲ್ಲಿ ಜನಿಸಿ ಅಲ್ಲಿಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿಯೇ ವ್ಯಾಸಂಗ ಮಾಡಿದವರು. ೧೯೯೬ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಪ್ರಕಟವಾಯಿತು.

೪

ಈ ಎರಡನ್ನೂ ವೇಗದ ಒರೆಗಲ್ಲಿಗೆ ಹಚ್ಚಿ ನೋಡೋಣ. ೧೯೯೫ರ ಫೈರ್‌ವೈರ್ ಸೆಕೆಂಡಿಗೆ ೪೦೦ ಮೆಗಾಬಿಟ್‌ಗಳವರೆಗೆ ಸಾಗಿಸಬಲ್ಲುದಾಗಿತ್ತು. ೧೯೯೬ರ ಯುಎಸ್‌ಬಿಯ ಗರಿಷ್ಠ ವೇಗ ೧೨ ಮೆಗಾಬಿಟ್. ಕೀಲಿಮಣೆ, ಮೌಸುಗಳಿಗೆ ಒಂದೂವರೆ ಮೆಗಾಬಿಟ್. ಅಂದರೆ ಒಂದು ಇನ್ನೊಂದರ ಮೂವತ್ತುಪಟ್ಟಿಗಿಂತ ಹೆಚ್ಚು ವೇಗದ್ದು. ಅಲ್ಲದೆ ಫೈರ್‌ವೈರಿನ ಉಪಕರಣಗಳು ಗಣಕಯಂತ್ರದ ಹಂಗಿಲ್ಲದೆ ತಮ್ಮತಮ್ಮೊಳಗೇ ಮಾತಾಡಿಕೊಳ್ಳಬಲ್ಲವು. ದೃಶ್ಯ, ಧ್ವನಿಗಳ ಪ್ರವಾಹ ನಡುವೆ ಕಡಿಯದಂತೆ ನಿಯತ ಕಾಲದಲ್ಲಿ ಹರಿಯುವುದಕ್ಕೆ ಆ ಮಾನಕದಲ್ಲಿಯೇ ಏರ್ಪಾಡಿತ್ತು. ಅದೇ ವರ್ಷ ಮಾರುಕಟ್ಟೆಗೆ ಬಂದ ಡಿವಿ ಕ್ಯಾಮೆರಾಗಳ ದೃಶ್ಯಕ್ಕೆ ಸೆಕೆಂಡಿಗೆ ೨೫ ಮೆಗಾಬಿಟ್ ಬೇಕಾಗಿದ್ದಿತು. ಅದನ್ನು ಹೊರಲು ಆಗಿನ ಯುಎಸ್‌ಬಿಗೆ ಶಕ್ತಿಯಿರಲಿಲ್ಲ. ಫೈರ್‌ವೈರಿಗೆ ಅದು ಲೀಲಾಜಾಲವಾಗಿತ್ತು.

ಹೀಗಿದ್ದೂ ಹತ್ತು ಹದಿನೈದು ವರ್ಷಗಳಲ್ಲಿ ಫೈರ್‌ವೈರ್ ಹಿಂದೆ ಸರಿದು ಯುಎಸ್‌ಬಿ ಸರ್ವತ್ರ ವ್ಯಾಪಿಸಿತು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ವೆಚ್ಚದ ಹಂಚಿಕೆ. ಫೈರ್‌ವೈರಿನಲ್ಲಿ ಎರಡು ತುದಿಗಳ ಉಪಕರಣಗಳೂ ಸಮಾನ ಬುದ್ಧಿಯುಳ್ಳವು. ಆದ್ದರಿಂದ ಎರಡೂ ಕಡೆ ದುಬಾರಿಯಾದ ಬಿಲ್ಲೆ ಬೇಕು. ಯುಎಸ್‌ಬಿಯಲ್ಲಿ ಯಜಮಾನಿಕೆಯೆಲ್ಲ ಗಣಕಯಂತ್ರದ್ದು. ಇನ್ನೊಂದು ತುದಿಯ ಉಪಕರಣ ಕೇಳಿದಾಗ ಉತ್ತರ ಕೊಟ್ಟರೆ ಸಾಕು. ಹೇಗಿದ್ದರೂ ಬೆಲೆಬಾಳುವ ಗಣಕಯಂತ್ರವೇ ಭಾರವನ್ನು ಹೊತ್ತುದರಿಂದ ಮೌಸಿನಂಥ ಅಗ್ಗದ ವಸ್ತುವಿನ ಬೆಲೆ ಏರಲಿಲ್ಲ. ಮೊದಲಿನ ಯುಎಸ್‌ಬಿ ಪ್ಲಗ್ಗು ಒಂದೇ ಮಗ್ಗುಲಿನಿಂದ ಸೇರುತ್ತಿದ್ದುದನ್ನು ಅನೇಕರು ಹಳಿದಿದ್ದಾರೆ. ಎರಡು ಮಗ್ಗುಲಿನಿಂದಲೂ ಸೇರುವಂತೆ ಮಾಡಿದ್ದರೆ ತಂತಿಗಳು ಹೆಚ್ಚಿ ಬೆಲೆ ಏರುತ್ತಿತ್ತೆಂದು ಭಟ್ಟರು ಆಮೇಲೆ ವಿವರಿಸಿದ್ದಾರೆ.

ಎರಡನೆಯದು ಅಪ್ಪಣೆಯ ಪ್ರಶ್ನೆ. ಯುಎಸ್‌ಬಿಯನ್ನು ರೂಪಿಸಿದ ಸಂಸ್ಥೆಗಳು ಮಾನಕದೊಳಗಿನ ತಮ್ಮ ಹಕ್ಕುಗಳಿಗೆ ರಾಜಧನ ಬೇಡುವುದಿಲ್ಲವೆಂದು ಒಪ್ಪಿಕೊಂಡವು. ಫೈರ್‌ವೈರಿಗೆ ಆಪಲ್ ಸಂಸ್ಥೆ ಪ್ರತಿಯೊಂದು ಪೋರ್ಟಿಗೂ ಒಂದು ಡಾಲರ್ ಕೇಳುತ್ತಿದೆ ಎಂಬ ಸುದ್ದಿ ೧೯೯೯ರಲ್ಲಿ ತಯಾರಕರಲ್ಲಿ ದೊಡ್ಡ ಗದ್ದಲವನ್ನೆಬ್ಬಿಸಿತು. ಬಳಿಕ ಹಕ್ಕುದಾರರೆಲ್ಲ ಕೂಡಿ ಅದನ್ನು ಉಪಕರಣವೊಂದಕ್ಕೆ ೨೫ ಸೆಂಟ್‌ಗೆ ಇಳಿಸಿದರು. ಅಷ್ಟರಲ್ಲಿ ತಯಾರಕರ ಮನಸ್ಸು ಬೇರೆ ಕಡೆಗೆ ತಿರುಗಿತ್ತು. ಒಂದು ಡಾಲರ್ ಒಬ್ಬ ಗ್ರಾಹಕನಿಗೆ ಅಲ್ಪ ಮೊತ್ತವಿರಬಹುದು. ಲಕ್ಷಗಟ್ಟಲೆ ಯಂತ್ರಗಳನ್ನು ಅಲ್ಪ ಲಾಭಕ್ಕೆ ಮಾರುವವನಿಗೆ ಅಲ್ಪವಲ್ಲ.

ಮೂರನೆಯದು ಜನರ ಕೈಯಲ್ಲಿದ್ದ ಸಲಕರಣೆ. ಯುಎಸ್‌ಬಿಯೂ ಆರಂಭದಲ್ಲಿ ಒಡನೆಯೇ ಹರಡಲಿಲ್ಲ. ಪೋರ್ಟಿದ್ದ ಯಂತ್ರಗಳಿಗೆ ತಕ್ಕ ಉಪಕರಣಗಳಿಲ್ಲ, ಉಪಕರಣಗಳಿಲ್ಲವೆಂದು ಪೋರ್ಟನ್ನು ಕೇಳುವವರಿಲ್ಲ ಎಂಬ ಸ್ಥಿತಿಯಿತ್ತು. ೧೯೯೮ರಲ್ಲಿ ಈ ಗಂಟು ಬಿಚ್ಚಿತು. ಆ ವರ್ಷ ವಿಂಡೋಸ್ ೯೮ ಯುಎಸ್‌ಬಿಗೆ ಸಮರ್ಪಕವಾದ ಆಸರೆ ನೀಡಿತು. ಫೈರ್‌ವೈರಿನ ಜನಕನಾದ ಆಪಲ್ ಸಂಸ್ಥೆಯೇ ತನ್ನ ಐಮ್ಯಾಕ್ ಯಂತ್ರದಿಂದ ಹಳೆಯ ಪೋರ್ಟುಗಳನ್ನು ತೆಗೆದುಹಾಕಿ ಯುಎಸ್‌ಬಿಯನ್ನು ಇರಿಸಿತು. ೨೦೦೦ದ ಏಪ್ರಿಲ್‌ನಲ್ಲಿ ಬಂದ ಎರಡನೆಯ ಆವೃತ್ತಿಯ ವೇಗ ೪೮೦ ಮೆಗಾಬಿಟ್. ಅದು ಹಳೆಯ ಪೋರ್ಟಿಗೂ ಹೊಂದುತ್ತಿತ್ತು ಎಂಬುದು ವೇಗಕ್ಕಿಂತ ಮಿಗಿಲಾದ ಅನುಕೂಲ. ೨೦೦೨-೦೩ರಲ್ಲಿ ಫೈರ್‌ವೈರ್ ೮೦೦ ಮೆಗಾಬಿಟ್‌ಗೆ ಏರಿದಾಗ ಅದರ ಪ್ಲಗ್ಗಿನ ಆಕಾರವೇ ಬೇರೆಯಾಯಿತು. ೨೦೦೧ರಲ್ಲಿ ಫೈರ್‌ವೈರಿನೊಡನೆ ಹುಟ್ಟಿದ ಐಪಾಡ್ ೨೦೦೫ರ ಹೊತ್ತಿಗೆ ಹಾಡುಗಳನ್ನು ತುಂಬಿಸಿಕೊಳ್ಳಲು ಯುಎಸ್‌ಬಿಯನ್ನೇ ಆಶ್ರಯಿಸಿತು. ಗುಣಾತಿಶಯವುಳ್ಳ ಮಾನಕವನ್ನು ಅದರ ತಂದೆಯೇ ಕೈಬಿಟ್ಟಂತಾಯಿತು.

೫

ಈ ಸ್ಪರ್ಧೆಯನ್ನು ಕರ್ನಾಟಕವು ಬರಿಯ ಪ್ರೇಕ್ಷಕನಾಗಿ ನೋಡುತ್ತ ಕುಳಿತಿರಲಿಲ್ಲ. ಬೆಂಗಳೂರಿನ ವಿಪ್ರೋ ಸಂಸ್ಥೆಯು ೧೩೯೪ ಮಾನಕಕ್ಕೆ ಅನುಗುಣವಾದ ಬಿಲ್ಲೆಗಳ ವಿನ್ಯಾಸಗಳನ್ನು ಸಿದ್ಧಪಡಿಸಿ ಇತರ ತಯಾರಕರಿಗೆ ಪರವಾನಗಿಯ ಮೇಲೆ ಒದಗಿಸಿತು. ಒಂದು ಮಾನಕದ ಏಳುಬೀಳುಗಳು ದೂರದ ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಸೇರಿದ ವಿಷಯವಲ್ಲವೆಂಬುದಕ್ಕೆ ಇದು ನಿದರ್ಶನ.

ಎರಡನೆಯ ನಿದರ್ಶನ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ಜನಸಾಮಾನ್ಯರಿಗಾಗಿ ಕೈಯಲ್ಲಿ ಹಿಡಿಯುವ ಗಣಕವೊಂದನ್ನು ರೂಪಿಸಿದರು. ಒಂದೇ ಉಪಕರಣವನ್ನು ಊರಿನ ಹಲವರು ಬಳಸಬೇಕು, ಪ್ರತಿಯೊಬ್ಬನ ವಿವರ ಅವನವನ ಸ್ಮಾರ್ಟ್ ಕಾರ್ಡಿನಲ್ಲಿರಬೇಕು ಎಂಬುದು ಅವರ ಕಲ್ಪನೆ. ಹೊರಗಿನ ಜೋಡಣೆಗೆ ಅವರು ಆರಿಸಿಕೊಂಡದ್ದು ಯುಎಸ್‌ಬಿಯನ್ನು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿದ ಅಮಿಡಾ ಸಿಂಪ್ಯೂಟರ್ ೨೦೦೪ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಕರ್ನಾಟಕ ಸರ್ಕಾರದ ಭೂದಾಖಲೆಯ ಕೆಲಸದಲ್ಲಿಯೂ ಇದನ್ನು ಬಳಸಿದ್ದುಂಟು. ಆದರೂ ಅದು ನಿರೀಕ್ಷಿಸಿದ ಪ್ರಮಾಣದಲ್ಲಿ ಮಾರಾಟವಾಗಲಿಲ್ಲ. ಗೆದ್ದ ಮಾನಕವನ್ನು ಆರಿಸಿದ ಮಾತ್ರಕ್ಕೆ ಉಪಕರಣವೂ ಗೆಲ್ಲುತ್ತದೆಂದು ಹೇಳುವಂತಿಲ್ಲವೆಂಬುದು ಇದರಿಂದ ತಿಳಿದುಬರುತ್ತದೆ. ಮಾನಕವು ಮಾರುಕಟ್ಟೆಯ ಬಾಗಿಲನ್ನು ತೆರೆಯಬಲ್ಲುದೇ ಹೊರತು ಒಳಗಿನ ಆದರಾತಿಥ್ಯವನ್ನು ಕೊಡಿಸಲಾರದು.

ಮಾನಕದ ಸತ್ಫಲವನ್ನು ನೋಡಬೇಕಾದರೆ ತಯಾರಿಕೆಯ ಕಡೆಗೆ ಗಮನ ಹರಿಸಬೇಕು. ಮಂಡಕಳ್ಳಿಯಿಂದ ಮುಂದೆ ಅದೇ ದಾರಿಯಲ್ಲಿರುವ ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಸಂಸ್ಥೆಯ ಕಾರ್ಖಾನೆಯಿದೆ. ಅಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಬೇಕಾದ ಸರ್ಕ್ಯೂಟ್ ಬೋರ್ಡುಗಳು ತಯಾರಾಗುತ್ತವೆ. ಮೈಸೂರಿನ ಕೇನ್ಸ್ ಸಂಸ್ಥೆ ೧೯೮೮ರಿಂದ ಎಲೆಕ್ಟ್ರಾನಿಕ್ ಜೋಡಣೆಯ ಉದ್ಯಮದಲ್ಲಿದೆ. ಒಂದೆಡೆ ತಯಾರಾದ ಬೋರ್ಡು, ಇನ್ನೊಂದೆಡೆಯ ಬಿಲ್ಲೆ, ಮತ್ತೊಂದೆಡೆಯ ಪೋರ್ಟು ಇವು ಪರಸ್ಪರ ಹೊಂದುವುದು ಅಳತೆಗಳು ಎಲ್ಲರಿಗೂ ತಿಳಿದಿರುವುದರಿಂದ. ಮಾನಕವು ಒಬ್ಬನ ಗುಟ್ಟಾಗಿದ್ದರೆ ಇಂಥ ಊರುಗಳಲ್ಲಿ ಇಂಥ ಉದ್ಯಮಗಳು ಬೆಳೆಯುವುದು ಕಷ್ಟವಾಗುತ್ತಿತ್ತು.

೬

ಯುಎಸ್‌ಬಿಯ ಜಯದೊಂದಿಗೆ ಚರಿತ್ರೆ ಮುಗಿಯಲಿಲ್ಲ. ಟೆಲಿವಿಷನ್ನಿನ ಕ್ಷೇತ್ರದಲ್ಲಿ ೨೦೦೨ರ ಕೊನೆಗೆ ಎಚ್‌ಡಿಎಂಐ ಬಂದು ದೃಶ್ಯ, ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸಿತು. ೨೦೧೧ರಲ್ಲಿ ಇಂಟೆಲ್ ಮತ್ತು ಆಪಲ್ ಸಂಸ್ಥೆಗಳು ಥಂಡರ್‌ಬೋಲ್ಟನ್ನು ಹೊರತಂದವು. ಅದರ ವೇಗ ಒಂದೊಂದು ಕಾಲುವೆಗೆ ಸೆಕೆಂಡಿಗೆ ಹತ್ತು ಗಿಗಾಬಿಟ್. ೨೦೦೮ರಲ್ಲಿ ಪ್ರಕಟವಾಗಿದ್ದ ಯುಎಸ್‌ಬಿ ಮೂರನೆಯ ಆವೃತ್ತಿಯದು ಐದು ಗಿಗಾಬಿಟ್. ಆದರೆ ಅದರ ತಂತಿಯೇ ದುಬಾರಿ. ಚಿತ್ರಸಂಕಲನದಂಥ ವೃತ್ತಿಗಳಲ್ಲಿ ಮಾತ್ರ ಅದು ನೆಲೆಯೂರಿತು. ಫೈರ್‌ವೈರಿನ ಕಥೆಯೇ ಮರುಕಳಿಸುವಂತೆ ತೋರಿತು. ಈ ಸಲ ಇಂಟೆಲ್ ಬೇರೆ ದಾರಿ ಹಿಡಿಯಿತು. ಥಂಡರ್‌ಬೋಲ್ಟಿನ ಒಳಗಟ್ಟನ್ನು ಯುಎಸ್‌ಬಿಯ ಸಂಘಟನೆಗೆ ಬಿಟ್ಟುಕೊಟ್ಟಿತು. ಅದರ ಆಧಾರದ ಮೇಲೆ ೨೦೧೯ರಲ್ಲಿ ಯುಎಸ್‌ಬಿಯ ನಾಲ್ಕನೆಯ ಆವೃತ್ತಿ ಪ್ರಕಟವಾಯಿತು. ಸ್ಪರ್ಧಿಯನ್ನು ಸೋಲಿಸಲಾಗದ ವೇಗ ಸ್ಪರ್ಧಿಯೊಳಗೇ ಸೇರಿ ಉಳಿದುಕೊಂಡಿತು.

ಇತ್ತ ಪ್ಲಗ್ಗಿನ ಆಕಾರವೂ ಬದಲಾಯಿತು. ೨೦೧೪ರಲ್ಲಿ ನಿಷ್ಕರ್ಷೆಯಾದ ಟೈಪ್-ಸಿ ಎರಡು ಮಗ್ಗುಲಿನಿಂದಲೂ ಸೇರುತ್ತದೆ. ಅದರಲ್ಲಿ ಇಪ್ಪತ್ತನಾಲ್ಕು ಸ್ಪರ್ಶಬಿಂದುಗಳಿವೆ. ಇಲ್ಲಿ ಸರ್ಕಾರಗಳೂ ರಂಗಪ್ರವೇಶ ಮಾಡಿದವು. ೨೦೦೯ರಲ್ಲಿ ಯುರೋಪಿನಲ್ಲಿ ಮೊಬೈಲು ತಯಾರಕರು ಸಮಾನ ಚಾರ್ಜರಿಗೆ ತಾವಾಗಿಯೇ ಒಪ್ಪಿದ್ದರು. ಆ ಒಪ್ಪಂದ ಪೂರ್ಣ ಫಲ ಕೊಡಲಿಲ್ಲ. ೨೦೨೨ರಲ್ಲಿ ಯುರೋಪಿನ ಒಕ್ಕೂಟ ಕಾನೂನನ್ನೇ ಮಾಡಿತು. ೨೦೨೪ರ ಡಿಸೆಂಬರ್ ೨೮ರಿಂದ ಅಲ್ಲಿ ಮಾರುವ ಹೊಸ ಮೊಬೈಲು, ಟ್ಯಾಬ್ಲೆಟ್, ಕ್ಯಾಮೆರಾ ಮೊದಲಾದವುಗಳಿಗೆ ಟೈಪ್-ಸಿ ಕಡ್ಡಾಯವಾಯಿತು. ಭಾರತದಲ್ಲಿ ೨೦೨೨ರ ನವೆಂಬರಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಕರೆದ ಸಭೆಯಲ್ಲಿ ಉದ್ಯಮಿಗಳು ಇದಕ್ಕೆ ಸಮ್ಮತಿಸಿದರು. ಭಾರತೀಯ ಮಾನಕ ಬ್ಯೂರೋ ಟೈಪ್-ಸಿಯ ಅಂತರರಾಷ್ಟ್ರೀಯ ಮಾನಕವನ್ನು ಭಾರತೀಯ ಮಾನಕವಾಗಿ ಸ್ವೀಕರಿಸಿತು. ೨೦೧೨ರಿಂದ ತನ್ನದೇ ಪ್ಲಗ್ಗನ್ನು ಬಳಸುತ್ತಿದ್ದ ಐಫೋನ್ ೨೦೨೩ರಲ್ಲಿ ಟೈಪ್-ಸಿಗೆ ಬಂದಿತು.

ಆದರೆ ಆಕಾರದ ಐಕ್ಯವನ್ನು ಸಾಮರ್ಥ್ಯದ ಐಕ್ಯವೆಂದು ಭ್ರಮಿಸಲಾಗದು. ಆ ೨೦೨೩ರ ಐಫೋನ್ ೧೫ರ ಸಾಮಾನ್ಯ ಮಾದರಿಯ ಟೈಪ್-ಸಿ ಪೋರ್ಟಿನ ವೇಗ ೪೮೦ ಮೆಗಾಬಿಟ್. ೨೦೦೦ದ ಏಪ್ರಿಲ್‌ನಲ್ಲಿ ಗೊತ್ತಾದ ವೇಗವೇ ಅದು. ನೋಟಕ್ಕೆ ಒಂದೇ ತೆರನಾದ ಎರಡು ತಂತಿಗಳಲ್ಲಿ ಒಂದು ಗಿಗಾಬಿಟ್‌ಗಳ ಭಾರವನ್ನು ಹೊರಬಹುದು, ಇನ್ನೊಂದು ಚಾರ್ಜು ಮಾಡುವುದಕ್ಕೆ ಮಾತ್ರ ಯೋಗ್ಯವಾಗಿರಬಹುದು. ಕಂಬಿಗಳ ಅಗಲ ಒಂದಾದ ಮಾತ್ರಕ್ಕೆ ಎಲ್ಲ ಸೇತುವೆಗಳೂ ಒಂದೇ ಭಾರವನ್ನು ಹೊರುವುದಿಲ್ಲವಷ್ಟೆ. ಕಾಲೇಜಿಗೋ ಗ್ರಂಥಾಲಯಕ್ಕೋ ಉಪಕರಣ ಕೊಳ್ಳುವವರು ಪ್ಲಗ್ಗಿನ ಆಕಾರವನ್ನಲ್ಲದೆ ತಂತಿಯ ಮೇಲೆ ನಮೂದಾದ ವೇಗವನ್ನೂ ವಿಚಾರಿಸತಕ್ಕದ್ದು.

೭

ಕೊನೆಯದಾಗಿ, ಸೋತ ಮಾನಕವನ್ನು ನಂಬಿದವರ ವಿಷಯ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಮದುವೆಯ ಚಿತ್ರೀಕರಣ ಮಾಡುವ ಸ್ಟುಡಿಯೋಗಳಿಂದ ಹಿಡಿದು ಜಾನಪದ ಸಂಶೋಧಕರವರೆಗೆ ಅನೇಕರು ಬಳಸಿದ್ದು ಮಿನಿ-ಡಿವಿ ಟೇಪುಗಳನ್ನು. ಟೇಪಿನಲ್ಲಿರುವ ದೃಶ್ಯವನ್ನು ಅದು ದಾಖಲಾದ ರೂಪದಲ್ಲಿಯೇ ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ದಾರಿ ಫೈರ್‌ವೈರ್. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆ ಬೇಕು. ಅದು ಆಕ್ರಮಿಸುವ ಸ್ಥಳ ಸುಮಾರು ಹದಿಮೂರು ಗಿಗಾಬೈಟ್. ಆ ಕಾಲದ ಡಿಸ್ಕುಗಳಿಗೆ ಇದು ದೊಡ್ಡ ಹೊರೆ. ಆದಕಾರಣ ಎಷ್ಟೋ ಟೇಪುಗಳು ಇಳಿಯದೆ ಬೀರುಗಳಲ್ಲಿಯೇ ಉಳಿದವು. ಇಂದಿನ ಗಣಕಯಂತ್ರಗಳಲ್ಲಿ ಫೈರ್‌ವೈರ್ ಪೋರ್ಟಿಲ್ಲ. ಟೇಪನ್ನು ಓಡಿಸುವ ಕ್ಯಾಮೆರಾಗಳ ತಯಾರಿಕೆಯೂ ನಿಂತಿದೆ. ಟೇಪಿನ ಕಾಂತಲೇಪವಾದರೋ ವರ್ಷವರ್ಷಕ್ಕೂ ಶಿಥಿಲವಾಗುತ್ತಿರುತ್ತದೆ.

ತಾಳೆಗರಿಯನ್ನು ಓದಲು ಲಿಪಿಜ್ಞಾನವೂ ಬೆಳಕೂ ಇದ್ದರೆ ಸಾಕು. ಶಾಸನವನ್ನು ಓದಲು ಕಲ್ಲಿನ ಬಳಿಗೆ ಹೋದರೆ ಆಯಿತು. ಮಿನಿ-ಡಿವಿ ಟೇಪು ಹಾಗಲ್ಲ. ಅದನ್ನು ಓದಲು ಯಂತ್ರ, ತಂತಿ, ಪೋರ್ಟು, ಅದಕ್ಕೆ ತಕ್ಕ ತಂತ್ರಾಂಶ ಈ ನಾಲ್ಕೂ ಒಂದೇ ಸ್ಥಳದಲ್ಲಿ ಕೂಡಿಬರಬೇಕು. ಒಂದು ತಪ್ಪಿದರೂ ದಾಖಲೆ ಮೂಕವಾಗುತ್ತದೆ. ಹಾಡುವ ಅಜ್ಜಿ ಈಗ ಬದುಕಿಲ್ಲದಿರಬಹುದು, ಆ ಮೇಳ ಚದುರಿರಬಹುದು. ಟೇಪಿನಲ್ಲಿರುವುದೇ ಅವರ ಕಡೆಯ ಸಾಕ್ಷ್ಯವಾಗಿರಬಹುದು.

ಆದ್ದರಿಂದ ಚರಿತ್ರೆ, ಜಾನಪದ, ಸಂಗೀತ ಮೊದಲಾದ ವಿಭಾಗಗಳು ಕೆಲವು ಕ್ರಮಗಳನ್ನು ಕೈಗೊಳ್ಳುವುದು ಅವಶ್ಯಕ. ತಮ್ಮಲ್ಲಿರುವ ಟೇಪು, ಫ್ಲಾಪಿ, ಹಳೆಯ ಡಿಸ್ಕುಗಳ ಪಟ್ಟಿಯನ್ನು ಮಾಡಿ, ಪ್ರತಿಯೊಂದರ ಎದುರಿಗೆ ಅದನ್ನು ಓದಲು ಬೇಕಾದ ಯಂತ್ರ ಮತ್ತು ಪೋರ್ಟಿನ ಹೆಸರನ್ನು ನಮೂದಿಸಬೇಕು. ಫೈರ್‌ವೈರ್ ಪೋರ್ಟುಳ್ಳ ಒಂದು ಹಳೆಯ ಗಣಕಯಂತ್ರವನ್ನೂ ಸುಸ್ಥಿತಿಯಲ್ಲಿರುವ ಒಂದು ಕ್ಯಾಮೆರಾವನ್ನೂ ಗುಜರಿಗೆ ಹಾಕದೆ ಕಾಪಾಡಿಕೊಳ್ಳಬೇಕು; ಒಂದು ಕಾಲೇಜಿಗೆ ಇದು ಸಾಧ್ಯವಾಗದಿದ್ದರೆ ನೆರೆಯ ನಾಲ್ಕಾರು ಕಾಲೇಜುಗಳು ಕೂಡಿ ಇಟ್ಟುಕೊಳ್ಳಬಹುದು. ಇಳಿಸಿಕೊಂಡ ಪ್ರತಿಯನ್ನು ಎರಡು ಬೇರೆಬೇರೆ ಸ್ಥಳಗಳಲ್ಲಿರಿಸಿ, ಕೆಲವು ವರ್ಷಗಳಿಗೊಮ್ಮೆ ಅಂದಿನ ಮಾನಕಕ್ಕೆ ಹೊಂದುವ ಸಾಧನಕ್ಕೆ ವರ್ಗಾಯಿಸುವ ಹೊಣೆಯನ್ನು ಒಬ್ಬರಿಗೆ ಸ್ಪಷ್ಟವಾಗಿ ವಹಿಸಬೇಕು. ಇಂದು ನಿಶ್ಚಿಂತೆಯಿಂದ ಬಳಸುತ್ತಿರುವ ಟೈಪ್-ಸಿಗೂ ಒಂದು ದಿನ ಇದೇ ಗತಿ ಒದಗಬಹುದು.

ಬೆಂಗಳೂರಿನಲ್ಲಿ ಎರಡು ಗೇಜುಗಳೂ ಇದ್ದಷ್ಟು ಕಾಲ ಸರಕನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಶ್ರಮದ ಕೆಲಸವಾಗಿದ್ದರೂ ಸಾಧ್ಯವಿದ್ದಿತು. ಹಳೆಯ ಕಂಬಿಯನ್ನು ಕಿತ್ತ ಮೇಲೆ ಹಳೆಯ ವ್ಯಾಗನ್ನು ನಿಂತಲ್ಲಿಯೇ ನಿಲ್ಲಬೇಕು. ಫೈರ್‌ವೈರಿನ ಯಂತ್ರಗಳು ಅಲ್ಲಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಈ ಕೆಲವು ವರ್ಷಗಳು ನಮಗೆ ದೊರೆತಿರುವ ಅವಧಿ. ಬೀರುವಿನಲ್ಲಿರುವ ಟೇಪುಗಳನ್ನು ದಾಟಿಸುವ ಕೆಲಸ ಈ ಅವಧಿಯೊಳಗೆ ಆಗಬೇಕು.